ಗೆರೆಯಿಲ್ಲದ ಚುಕ್ಕಿ

"ಒಂದೊಂದು ಚುಕ್ಕಿ ಅಂದ್ರ ಒಬ್ಬೊಬ್ಬ ವ್ಯಾಪಾರಿ ನೋಡ್ರಿ, ಅಪ್ಪಾ. ಯಾರ ರೇಟು ಯಾರ ಜೋಡಿ ಏರಿ ಇಳೀತದೋ ಅವರ ನಡುವ ಒಂದು ಗೆರಿ." ಭುವನೇಶ್ವರಿ ತನ್ನ ಥೀಸಿಸ್ಸಿನ ಚಿತ್ರವನ್ನು ಅಪ್ಪನತ್ತ ತಿರುಗಿಸಿದಳು. ತಾಂಡೂರಿನ ತೊಗರಿ ವ್ಯಾಪಾರಿಗಳೆಲ್ಲ ಒಬ್ಬರಿಗೊಬ್ಬರು ಬಲೆಯಂತೆ ಹೆಣೆದುಕೊಂಡಿದ್ದರು. ನಟ್ಟನಡುವೆ ಅಪ್ಪ ಸೂರ್ಯಕಾಂತ. ಮೂಲೆಯ ಒಂದು ಚುಕ್ಕಿಗೆ ಮಾತ್ರ ಗೆರೆಯೇ ಇರಲಿಲ್ಲ.

ಎಲ್ಲರೂ ಒಳಗೊಳಗೇ ಕೂಡಿ ರೇಟು ಕಟ್ಟುವುದು ಬಯಲಾಯಿತೆಂದು ಅಪ್ಪ ಸಿಡುಕಬಹುದೆಂದು ಅವಳು ಮುಖ ನೋಡಿದಳು. ಅವನ ಕಣ್ಣು ಬಲೆಯ ಮೇಲಿರಲೇ ಇಲ್ಲ, ಮೂಲೆಯಲ್ಲಿತ್ತು.

"ಇಂವ ಯಾರು?"

"ರೇವಪ್ಪ ಕಾಕಾ. ಅವರು ಯಾರ ರೇಟಿಗೂ ಕೂಡಲಿಲ್ರಿ."

ಹೋದ ಬೇಸಿಗೆಯಲ್ಲಿ ರೇವಪ್ಪ ಅಂಗಡಿಯೊಳಗೆ ಮಲಗಿದ್ದಲ್ಲೇ ಬೆಂದುಹೋಗಿದ್ದ. ಕರೆಂಟಿನ ಬೆಂಕಿ ಎಂದು ಊರಿಗೆಲ್ಲ ಹೇಳಿದವನು ಅಪ್ಪನೇ.

"ಅವಗೂ ಒಂದು ಗೆರಿ ಎಳಿ, ನನ್ನವ್ವಾ. ಒಬ್ಬನೇ ಬ್ಯಾರೆ ಕಂಡ್ರ, ಬೆಂಕಿ ಯಾರು ಹಚ್ಚಿದ್ರಂತ ಮಂದಿ ಕೇಳ್ತಾರ."

ಮೌಸಿನ ಮೇಲೆ ಅವಳ ಕೈ ಇದ್ದಲ್ಲೇ ನಿಂತಿತು. ಅಪ್ಪ ಹೆಗಲ ಮೇಲಿನ ಟವೆಲ್ ತೆಗೆದು ಆ ಕೈಗೆ ಹೊದಿಸಿದ. ಅಡತಿ ಅಂಗಡಿಯಲ್ಲಿ ಯಾರಿಗೂ ತಿಳಿಯದಂತೆ ಬೆರಳೊತ್ತಿ ರೇಟು ಹೇಳಿ ವ್ಯಾಪಾರ ಕುದುರಿಸುವಾಗ ಮಾಡುವ ಹಾಗೆ, ಟವೆಲಿನಡಿ ಮಗಳ ಬೆರಳು ಹಿಡಿದು ಮೆಲ್ಲಗೆ ಒತ್ತಿದ.