ಶಂಕ್ರಮ್ಮನ ಪಾಲಿನ ಬನ್ನಿ

ಬನ್ನಿ ಸೊಪ್ಪು ಹಿಡಿದುಕೊಂಡು ಹುಸೇನಪ್ಪ ಮೊದಲು ಹೋದದ್ದು ಮೇಸ್ತ್ರಿ ಕಲ್ಯಾಣಪ್ಪನ ಶೆಡ್ಡಿಗೆ. ದಸರೆಯ ಸಂಜೆ. ಕೂಕಟ್‌ಪಲ್ಲಿಯಲ್ಲಿ ಅರ್ಧಕ್ಕೆ ಎದ್ದು ನಿಂತಿದ್ದ ಅಪಾರ್ಟ್‌ಮೆಂಟಿನ ಬುಡದಲ್ಲಿ, ಸುರಪುರದ ಕಡೆಯಿಂದ ದುಡಿಯಲು ಬಂದವರ ತಗಡಿನ ಶೆಡ್ಡುಗಳ ಮುಂದೆಲ್ಲ ನೀರು ಚಿಮುಕಿಸಿ ರಂಗೋಲಿ ಎಳೆದಿದ್ದರು.

"ಮೇಸ್ತ್ರಿ, ಬನ್ನಿ ತಗೋರಿ. ಬಂಗಾರದಂಗ ಇರೋಣ." ಎಲೆಯನ್ನು ಕೈಗಿಟ್ಟು ಹುಸೇನಪ್ಪ ಕಾಲು ಮುಟ್ಟಿದ. "ಅವತ್ತ ಎಲ್ಲಾರ ಮುಂದ ನಿಮ್ಮ ಅವ್ವನ್ನ ಎತ್ತಿ ಬೈದೆ. ಹೊಟ್ಟ್ಯಾಗ ಹಾಕ್ಕೋರಿ."

ಕಲ್ಯಾಣಪ್ಪ ಅವನನ್ನು ಎಬ್ಬಿಸಿ ಎದೆಗೊತ್ತಿಕೊಂಡ. "ಹುಚ್ಚಪ್ಪ, ನೀ ಎಲ್ಲಿ ಬೈದೀಯೋ? ಬೈದಿದ್ದು ಆ ಗುಳಿಗಿ. ನಮ್ಮವ್ವ ಮ್ಯಾಲೆ ಕುಂತು ನಕ್ಕಿರಬೇಕು. ಆಕಿ ಬಾಯಿ ನಿನಕಿಂತ ಹೊಲಸಿತ್ತು."

ಗುಳಿಗೆಯ ಸಂಗತಿ ಅಲ್ಲಿ ಎಲ್ಲರಿಗೂ ಗೊತ್ತು. ಐದು ತಿಂಗಳ ಹಿಂದೆ ಸೆಂಟ್ರಿಂಗ್ ಹಲಗೆ ಬಡಿಯುತ್ತಿದ್ದಾಗಲೇ ಹುಸೇನಪ್ಪನಿಗೆ ಮೂರ್ಛೆ ಬಂದು, ಎರಡನೇ ಅಂತಸ್ತಿನಿಂದ ಉಸುಕಿನ ಗುಡ್ಡೆಯ ಮೇಲೆ ಬಿದ್ದಿದ್ದ. ಉಸುಕು ಅಲ್ಲಿದ್ದದ್ದು ದೇವರ ದಯೆ. ಡಾಕ್ಟರು ಬರೆದುಕೊಟ್ಟ ಗುಳಿಗೆ ನುಂಗತೊಡಗಿದ ಮೇಲೆ ಮೂರ್ಛೆ ಒಮ್ಮೆಯೂ ಮರಳಲಿಲ್ಲ. ಅದು ಬಿಟ್ಟುಹೋದ ಜಾಗಕ್ಕೆ ಸಿಟ್ಟು ಬಂತು. ಇರುವೆ ಸಾಲು ಕಂಡರೆ ದಾಟಿ ನಡೆಯುತ್ತಿದ್ದ ಮನುಷ್ಯ, ಚಹಾಕ್ಕೆ ಸಕ್ಕರೆ ಕಡಿಮೆಯಾಯಿತೆಂದು ಲೋಟ ಎಸೆದ. ಎಸೆದ ಮೇಲೆ, ಇದು ಯಾರ ಕೈ ಎನ್ನುವಂತೆ ತನ್ನ ಕೈಯನ್ನೇ ನೋಡುತ್ತ ಕೂರುತ್ತಿದ್ದ.

ರೊಟ್ಟಿ ಬಡಿದು ಮಾರುವ ಮುದುಕಿ ಗುಂಡಮ್ಮ ಬನ್ನಿ ತೆಗೆದುಕೊಂಡು, ಎರಡೂ ಕೈಯಿಂದ ಅವನ ಕೆನ್ನೆ ಸವರಿ ನೆಟಿಗೆ ಮುರಿದಳು. "ರೊಟ್ಟಿ ಒಗದಿದ್ದೆಲ್ಲೋ, ಅದನ್ನ ನಾಯಿ ತಿಂದು ನಿನಗ ಹರಸೇತಿ. ಗುಳಿಗಿ ಮಾಡಿದ ತಪ್ಪಿಗೆ ನೀ ಯಾಕ ಅಳತಿ, ಮಗನ?"

ಹೀಗೆ ಎಂಟು ಶೆಡ್ಡು ಆಯಿತು. ಎಂಟೂ ಕಡೆ ಅದೇ ಮಾತು: ನೀ ಅಲ್ಲಪ್ಪ, ಗುಳಿಗಿ. ಈ ಎಲೆಗೆ ಬಂಗಾರವೆಂದು ಹೆಸರಿಟ್ಟ ಹಿರಿಯರು ದೊಡ್ಡವರು. ಬಾಯಿಗೆ ಬಾರದ ಮಾತನ್ನು ಕೈಯಿಂದ ಕೊಡುವುದಕ್ಕೆ ವರ್ಷಕ್ಕೊಂದು ಸಂಜೆ ಇಟ್ಟುಹೋದರು. ಕಡೆಗೆ ಒಂದೇ ಒಂದು ಎಸಳು ಉಳಿಯಿತು. ಉಳಿದವರ ಮುಂದೆಲ್ಲ ಹುಸೇನಪ್ಪ ಬಾಗಿ ಬಂದದ್ದು, ತನ್ನದೇ ಬಾಗಿಲು ದಾಟಲು ಧೈರ್ಯ ಕೂಡಿಸಿಕೊಳ್ಳುವುದಕ್ಕೆ.

ಹೆಂಡತಿ ಶಂಕ್ರಮ್ಮ ಒಲೆಯ ಮುಂದೆ ಕೂತು ಹೋಳಿಗೆ ಬೇಯಿಸುತ್ತಿದ್ದಳು.

"ಎಲ್ಲಾರೂ ಬನ್ನಿ ತಗೊಂಡ್ರು," ಎಂದ ಹುಸೇನಪ್ಪ, ಹೊಸ್ತಿಲಲ್ಲೇ ನಿಂತು. "ಅದು ನೀ ಅಲ್ಲ, ಗುಳಿಗಿ ಅಂದ್ರು."

"ಹೂಂ. ಅವರಿಗೆ ಬರೇ ಬೈದೀರಿ."

ಅವನು ಮೆಲ್ಲಗೆ ಒಳಗೆ ಬಂದು ಕುಕ್ಕರಗಾಲಲ್ಲಿ ಕೂತ. "ನಾಳಿಯಿಂದ ಅದನ್ನ ಬಿಟ್ಟಬಿಡ್ತೀನಿ, ಶಂಕ್ರಿ."

"ಬಿಟ್ಟು? ಮತ್ತ ಬೀಳಾಕ? ಬಿದ್ದಲ್ಲೆಲ್ಲಾ ದೇವರು ಉಸುಕು ಹಾಸಿ ಕುಂತಿರ್ತಾನೇನು?" ಅವಳು ತಿರುಗಿ ನೋಡಲಿಲ್ಲ. "ಸುಮ್ನ ನುಂಗ್ರಿ. ನೀವು ಉಳದ್ರ ಸಾಕಾಗೇತಿ."

"ಹಂಗಾರ ಡಾಕ್ಟರಿಗೆ ಹೇಳೂಣು. ಬ್ಯಾರೆ ಗುಳಿಗಿ ಕೊಡ್ತಾರಂತ."

ಶಂಕ್ರಮ್ಮ ಹೋಳಿಗೆ ತಿರುವಿ ಹಾಕಿದಳು. ಹೋದ ತಿಂಗಳು ಡಾಕ್ಟರು ತಾವಾಗಿಯೇ ಗಂಡನ ಸಿಟ್ಟಿನ ಬಗ್ಗೆ ಅವಳನ್ನು ಕೇಳಿದ್ದರು: "ಗುಸ್ಸಾ ಕರ್ತಾ ಕ್ಯಾ, ಅಮ್ಮಾ?" ಗಂಡನ ಹುಳುಕನ್ನು ಪರರ ಮುಂದೆ ಆಡಬಾರದೆಂದು ಅವಳ ತವರಲ್ಲಿ ಕಲಿಸಿದ್ದರು. ಅವಳು "ನಹೀ ಸಾಬ್" ಎಂದಿದ್ದಳು. ಪಕ್ಕದ ಸ್ಟೂಲಿನ ಮೇಲಿದ್ದ ಹುಸೇನಪ್ಪ ನೆಲ ನೋಡುತ್ತ ಸುಮ್ಮನಿದ್ದ. ಡಾಕ್ಟರು ಅದೇ ಗುಳಿಗೆಯನ್ನು ಇನ್ನೂ ಮೂರು ತಿಂಗಳಿಗೆ ಬರೆದುಕೊಟ್ಟಿದ್ದರು.

"ಅವರು ಕೇಳಿದಾಗ ನಾ ನಿಮ್ಮ ಮಾನ ಕಾದೆ," ಎಂದಳು. "ನೀವರ ಬಾಯಿ ಬಿಡಬೇಕಿತ್ತು."

ಹುಸೇನಪ್ಪ ಎಸಳನ್ನು ಅವಳ ಮುಂದೆ ಹಿಡಿದ. "ಬನ್ನಿ ತಗೋ," ಎಂದ. "ಬಂಗಾರದಂಗ..."

ಶಂಕ್ರಮ್ಮ ಒಲೆ ಸಣ್ಣ ಮಾಡಿ, ಕೈ ತೊಳೆದು, ತಲೆಯ ಮೇಲೆ ಸೆರಗೆಳೆದುಕೊಂಡು ಎದ್ದು ನಿಂತಳು. ಅವನೂ ಎದ್ದ. ಬನ್ನಿ ತೆಗೆದುಕೊಂಡು ಹೆಂಡತಿ ಗಂಡನ ಕಾಲು ಮುಟ್ಟುವುದು ರೂಢಿ. ಗಂಡ ಹೆಂಡತಿಯ ಕಾಲು ಮುಟ್ಟುವ ರೂಢಿಯನ್ನು ಯಾವ ಹಿರಿಯರೂ ಇಟ್ಟುಹೋಗಿಲ್ಲ. ಬೈಸಿಕೊಂಡವರಿಗೆಲ್ಲ ತಾನು ಬಾಗಿ ಬಂದೆ, ಏಟು ತಿಂದವಳು ತನಗೇ ಬಾಗುತ್ತಾಳಲ್ಲ ಎನ್ನಿಸಿ ಹುಸೇನಪ್ಪನಿಗೆ ತಡೆಯಲಾಗಲಿಲ್ಲ. ಅವಳು ಬಾಗುವ ಮೊದಲೇ ತಾನು ಬಾಗಬೇಕೆಂದು, ಸರಕ್ಕನೆ ಅವಳತ್ತ ಕೈ ಚಾಚಿದ.

ಶಂಕ್ರಮ್ಮ ಹಿಂದಕ್ಕೆ ಹಾರಿ ತಗಡಿಗೆ ಒತ್ತಿ ನಿಂತಳು. ಎರಡೂ ಮೊಣಕೈ ಎತ್ತಿ ಮುಖಕ್ಕೆ ಅಡ್ಡ ಹಿಡಿದಿದ್ದಳು. ಕಣ್ಣು ಮುಚ್ಚಿದ್ದವು.

"ಕಿವಿ ಮ್ಯಾಲ ಬ್ಯಾಡ್ರಿ," ಎಂದಳು.