ಎಕ್ಸ್‌ರೇಯಲ್ಲಿ ಕಂಡ ಗಡ್ಡೆ

ಉಮಾಮಹೇಶ್ವರಿಯ ಎದೆಯಲ್ಲಿ ಕೋಳಿಮೊಟ್ಟೆ ಗಾತ್ರದ ಗಡ್ಡೆಯಿದೆ ಎಂದು ದಿಲ್ಲಿಯ ಕೆನಡಾ ಕಚೇರಿಯಿಂದ ಕಾಗದ ಬಂತು. ಮನೆಯಲ್ಲಿ ಇಂಗ್ಲಿಷ್ ಬಲ್ಲವಳು ಅವಳೊಬ್ಬಳೇ. ಹಾಗಾಗಿ ತನ್ನ ರೋಗವನ್ನು ತಾನೇ ಅತ್ತೆ ಮಾವಂದಿರಿಗೆ ಕನ್ನಡದಲ್ಲಿ ಓದಿ ಹೇಳಬೇಕಾಯಿತು.

"ದೇವರ ಮನೆ ಮುಂದೆ ಕುಂತು ಮೊಟ್ಟೆ ಅನಬ್ಯಾಡ," ಎಂದರು ಅತ್ತೆ ಕಸ್ತೂರಮ್ಮ. "ನಿಂಬೆಹಣ್ಣು ಅನ್ನು."

"ಆಯ್ತು ಬಿಡ್ರಿ ಅತ್ತೆ. ನಿಂಬೆಹಣ್ಣಿನಷ್ಟು ಗಡ್ಡೆ ಐತಂತೆ. ಮೂವತ್ತು ದಿನದಾಗೆ ಇನ್ನೊಂದು ಎಕ್ಸ್‌ರೇ ಕಳಿಸದಿದ್ರೆ ನನ್ನ ಕೆನಡಾ ಅರ್ಜಿ ವಜಾ ಅಂತೆ."

ಮಾವ ವಾಮದೇವಪ್ಪ ತಲೆಯ ಮೇಲೆ ಕೈ ಹೊತ್ತು ಕೂತರು. ಕಸ್ತೂರಮ್ಮ ಅಳುವುದಕ್ಕೆ ಸೆರಗು ಹುಡುಕಿಕೊಂಡರು. ಉಮಾಗೆ ಮಾತ್ರ ಅಳುವಿಗಿಂತ ಮೊದಲು ಸಿಟ್ಟು ಬಂತು. ಸಾವಿರದ ಒಂಬೈನೂರ ಅರವತ್ನಾಲ್ಕರಲ್ಲಿ ಮದುವೆಯಾಗಿ ಈಗ ಅರವತ್ತೇಳು; ಗಂಡನ ಜೊತೆ ಬಾಳಿದ್ದು ಬರೀ ಇಪ್ಪತ್ತೆರಡು ದಿನ. ದಾವಣಗೆರೆಯ ಮಿಲ್ಲಿನಲ್ಲಿ ವೀವಿಂಗ್ ಮಾಸ್ಟರಾಗಿದ್ದ ಮುರುಗೇಶಪ್ಪ ಕೆನಡಾದ ಬಟ್ಟೆ ಗಿರಣಿ ಸೇರಿ, ಹೆಂಡತಿಯನ್ನು ಕಾಯಂ ಆಗಿ ಕರೆಸಿಕೊಳ್ಳುತ್ತೇನೆಂದು ಅಲ್ಲಿ ಅರ್ಜಿ ಹಾಕಿಯೇ ಎರಡು ವರ್ಷವಾಗಿತ್ತು. ಒಯ್ಯಲೆಂದು ಟ್ರಂಕಿನಲ್ಲಿಟ್ಟ ಶೇಂಗಾ ಚಟ್ನಿಪುಡಿ ಮೂರು ಸಲ ಮುಗ್ಗು ಹಿಡಿದಿತ್ತು. ಬೀದಿ ನಲ್ಲಿಗೆ ಹೋದರೆ ಸಾಕು, "ಏನವ್ವಾ, ಇನ್ನೂ ಇಲ್ಲೇ ಅದೀಯಾ?" ಎಂದು ಚೌಕಿಪೇಟೆಯ ಹೆಂಗಸರೆಲ್ಲ ಬಾಯಿಗೆ ಬಂದಂತೆ ಮರುಗುತ್ತಿದ್ದರು.

"ಗಡ್ಡೆಯಂತೆ ಗಡ್ಡೆ!" ಎನ್ನುತ್ತ ಉಮಾ ಎದೆ ಮುಟ್ಟಿಕೊಂಡಳು. ಕೈಗೆ ಗಟ್ಟಿಯಾಗಿ ಏನೋ ಸಿಕ್ಕಿತು. ಕೂಸಾಗಿದ್ದಾಗಿನಿಂದ ಕೊರಳಲ್ಲಿರುವ ಲಿಂಗದ ಬೆಳ್ಳಿ ಕರಡಿಗೆ. ಉಮಾ ಕಿಸಕ್ಕನೆ ನಕ್ಕು ಅದನ್ನೆತ್ತಿ ತೋರಿಸಿದಳು. ಹರಿಹರದ ಎಕ್ಸ್‌ರೇ ಡಾಕ್ಟರು ಬೇರೆ ಸೀಮೆಯವರು. ಒಡವೆಯೆಲ್ಲ ತೆಗೀರಿ ಎಂದು ಪರದೆಯಾಚೆಯಿಂದ ಕೂಗಿದ್ದರು. ಅವಳು ಓಲೆ, ಬಳೆ, ಕೊನೆಗೆ ಅತ್ತೆಗೆ ಹೇಳದೆ ತಾಳಿಯನ್ನೂ ತೆಗೆದು ಕೈಚೀಲಕ್ಕೆ ಹಾಕಿದ್ದಳು. ಆದರೆ ಲಿಂಗ ಒಡವೆಯೇ? ಅದು ನೆನಪಿಗೇ ಬಂದಿರಲಿಲ್ಲ.

"ಇಷ್ಟೇನಾ! ಇನ್ನೊಮ್ಮೆ ಹೋಗಿ, ಒಂದು ಗಳಿಗೆ ತೆಗೆದಿಟ್ಟು..." ಎಂದು ವಾಮದೇವಪ್ಪ ಬಾಯಿ ತೆರೆದರೋ ಇಲ್ಲವೋ, ಕಸ್ತೂರಮ್ಮ ಸೆರಗು ಬಿಟ್ಟು ಎದ್ದರು.

"ಏನಂದ್ರಿ? ಸತ್ತ ಮ್ಯಾಲೂ ಅದನ್ನ ಕೈಯಾಗಿಟ್ಟೇ ಮಣ್ಣು ಮಾಡ್ತಾರೆ. ಯಾರೋ ಕೆನಡಾದೋರು ಕೇಳಿದ್ರು ಅಂತ ಜೀವ ಇದ್ದಾಗ ತೆಗಿಬೇಕಾ? ನನ್ನ ಮಗ ಆ ಥಂಡಿ ದೇಶದಾಗೆ ಕುಂತು ಮೂರು ವರ್ಷದಿಂದ ಕಾಪಾಡ್ಕಂಡು ಬಂದಾನೆ. ಇವಳು ಊರು ದಾಟೋಕೆ ಮುಂಚೇನೇ ಇದನ್ನ ಬಿಚ್ಚಿಟ್ರೆ, ಅಲ್ಲಿಗೆ ಹೋದ ಮ್ಯಾಲೆ ಇನ್ನೇನೇನು ಬಿಚ್ತಾಳೋ! ಹೋಗೋದೇ ಬ್ಯಾಡ."

ಉಮಾ ಎರಡು ದಿನ ಮುಖ ಊದಿಸಿಕೊಂಡಿದ್ದಳು. ಮೂರನೆಯ ದಿನ ತಲೆ ಬಾಚಿಕೊಳ್ಳುವಾಗ ಉಪಾಯ ಹೊಳೆಯಿತು. ಕರಡಿಗೆ ಕಟ್ಟಿದ್ದ ಶಿವದಾರವನ್ನು ಬಿಚ್ಚದೆ ಕೊರಳಿನಿಂದ ಹಾಗೇ ಮೇಲೆ ಸರಿಸಿ ತಲೆಗೆ ಸುತ್ತಿ, ಕರಡಿಗೆಯನ್ನು ಒಳಗಿಟ್ಟು ತುರುಬು ಕಟ್ಟಿಕೊಂಡು ಅತ್ತೆಯೆದುರು ನಿಂತಳು.

"ಮೈ ಬಿಟ್ಟು ಹೋಗಿಲ್ಲ ನೋಡ್ರಿ ಅತ್ತೆ. ದೇವರನ್ನ ತಲೆ ಮ್ಯಾಲೆ ಹೊತ್ಕಂಡ್ರೆ ತಪ್ಪೇನ್ರಿ?"

ಕಸ್ತೂರಮ್ಮ ತಪ್ಪು ಹುಡುಕಿದರು, ಸಿಗಲಿಲ್ಲ. ಆದರೂ ಕಾವಲಿಗೆಂದು ಹರಿಹರದ ಬಸ್ಸು ತಾವೂ ಹತ್ತಿದರು. ಎಕ್ಸ್‌ರೇ ಕೋಣೆಯ ಬಾಗಿಲವರೆಗೂ ಸೊಸೆಯ ತುರುಬಿನ ಮೇಲಿಂದ ಕೈ ತೆಗೆಯಲಿಲ್ಲ. ಡಾಕ್ಟರು ಇದೇನೋ ಈ ಕಡೆಯ ಆಶೀರ್ವಾದವಿರಬೇಕೆಂದುಕೊಂಡರು.

ಹೊಸ ಪ್ಲೇಟಿನ ಜೊತೆ ವಾಮದೇವಪ್ಪ ಸೊಸೆಯ ಕೈಲಿ ಒಂದು ಕಾಗದ ಹೇಳಿ ಬರೆಸಿದರು. ಮೊದಲ ಪ್ಲೇಟಿನಲ್ಲಿ ಕಂಡದ್ದು ಗಡ್ಡೆಯಲ್ಲ, ನಾವು ಧರಿಸುವ ಲಿಂಗ. ನಮ್ಮ ವಂಶದಲ್ಲಿ ಯಾರೂ ಯಾವ ಕಾರಣಕ್ಕೂ ಅದನ್ನು ಎದೆಯಿಂದ ಇಳಿಸಿದವರಲ್ಲ. ಈಗಲೂ ಸೊಸೆ ಅದನ್ನು ತಲೆಯ ಮೇಲೆ ಹೊತ್ತಿದ್ದಾಳೆ. ಅಷ್ಟಕ್ಕೇ ಸಹಿ ಹಾಕಿದ್ದರೆ ಆಗುತ್ತಿತ್ತು. ಕಸ್ತೂರಮ್ಮ ಬಿಡಬೇಕಲ್ಲ!

"ಇನ್ನೂ ಅನುಮಾನ ಇದ್ರೆ ನನ್ನ ಮಗನ ಎಕ್ಸ್‌ರೇ ತರಿಸಿ ನೋಡ್ಕಳ್ರಿ ಅಂತ ಬರಿ. ಅವನೂ ಹೋಗುವಾಗ ತೆಗೆಸ್ಯಾನಲ್ಲ."

ಉಮಾ ಪೆನ್ನೆತ್ತಿ ಅತ್ತೆಯ ಮುಖ ನೋಡಿದಳು. ಆಮೇಲೆ ಬರೆದಳು.

ಎರಡು ತಿಂಗಳಿಗೆ ಉತ್ತರ ಬಂತು. ಉಮಾ ಬಾಗಿಲಲ್ಲಿ ನಿಂತೇ ಓದಿದಳು. ಕಣ್ಣಲ್ಲಿ ನೀರು ಬಂತು.

"ಒಪ್ಪಿಗೆ ಕೊಟ್ರು ಅತ್ತೆ! ಕಾಯಂ ಇರೋದಕ್ಕೆ ಒಪ್ಪಿಗೆ!"

"ನಾ ಹೇಳಲಿಲ್ಲವಾ!" ಎಂದರು ಕಸ್ತೂರಮ್ಮ, ಲಿಂಗವನ್ನು ಕಣ್ಣಿಗೊತ್ತಿಕೊಂಡು. "ಇನ್ನೇನು ಬರ್ದಾರೆ? ಪೂರ್ತಿ ಓದು."

ಕೊನೆಯ ಸಾಲು ಬಿಟ್ಟು ಕಾಗದ ಮಡಚಬಹುದಿತ್ತು. ಆದರೆ ಉಮಾಗೆ ಮುಗ್ಗು ಹಿಡಿದ ಚಟ್ನಿಪುಡಿ ನೆನಪಾಯಿತು, 'ಇನ್ನೇನೇನು ಬಿಚ್ತಾಳೋ' ಎಂದದ್ದೂ ನೆನಪಾಯಿತು. ಅವಳು ಗಂಟಲು ಸರಿಮಾಡಿಕೊಂಡು ನಿಧಾನವಾಗಿ ಓದಿದಳು.

"'ನೀವು ಹೇಳಿದಂತೆ ನಿಮ್ಮ ಮಗನ ಎಕ್ಸ್‌ರೇಯನ್ನೂ ತರಿಸಿ ನೋಡಿದೆವು. ಅವರ ಎದೆಯ ಮೇಲೆ ಅಂಥದ್ದೇನೂ ಇಲ್ಲ.'"

ವಾಮದೇವಪ್ಪ ಕನ್ನಡಕ ಒರೆಸತೊಡಗಿದರು. ಕಸ್ತೂರಮ್ಮ ಎದ್ದು ದೇವರ ಮನೆ ಹೊಕ್ಕರು. ಅತ್ತರೋ ಮಗನನ್ನು ಬೈದರೋ ಹೊರಗಿದ್ದವರಿಗೆ ತಿಳಿಯಲಿಲ್ಲ. ಹೊರಬಂದಾಗ ಕೈಯಲ್ಲೊಂದು ಹೊಸ ಶಿವದಾರವಿತ್ತು. ಟ್ರಂಕು ತೆರೆದು ಅದನ್ನು ಚಟ್ನಿಪುಡಿಯ ಡಬ್ಬಿಯ ಮೇಲಿಟ್ಟರು.

"ಜಲ್ದಿ ಹೊರಡು ನನ್ನವ್ವ," ಎಂದರು. "ಹೋದವಳೇ ಅವನಿಗೂ ಉದ್ದ ಕೂದಲು ಬಿಡಿಸಿ ತುರುಬು ಕಟ್ಟು."