ಬದುವಿನ ಮೇಲೆ ಮುರುಗೇಶನ ಕಲ್ಲು

ಮಾವಿನ ಕೊಯ್ಲು ಮುಗಿಯುತ್ತಾ ಬಂದಿದ್ದ ಆಷಾಢದ ಬುಧವಾರ, ಬೆಳಿಗ್ಗೆ ಏಳು ಗಂಟೆ. ಹೊಸೂರಿನ ಕಾರ್ಖಾನೆ ಬಸ್ಸು ಹೋದ ಹಿಂದೆಯೇ ಟ್ರ್ಯಾಕ್ಟರೊಂದು ಬಂದು ಮುತ್ತರಾಯಪ್ಪನ ಹೊಲದ ಬದುವಿನ ಮೇಲೆ ಒಂದು ಕಲ್ಲು ನೆಟ್ಟು ಹೋಯಿತು.

ವೀರಗಲ್ಲು. ಎದೆಮಟ್ಟ ಎತ್ತರ. ಅದರ ಮೇಲೆ ಕೆತ್ತಿದ್ದು ಮಿಲಿಟರಿ ಟೋಪಿಯ ಒಬ್ಬ ಆಳು, ಅವನು ಹಿಮದಿಂದ ಎಳೆದು ತೆಗೆಯುತ್ತಿರುವ ನಾಲ್ವರು. ಕೆಳಗೆ ಹೆಸರು, ಮುರುಗೇಶ. ಮುತ್ತರಾಯಪ್ಪನ ಒಬ್ಬನೇ ಮಗ.

ಆ ಸೀಮೆಯ ಬದುಗಳಲ್ಲಿ ಇಂಥ ಕಲ್ಲುಗಳು ಬೇಕಾದಷ್ಟಿವೆ. ಹುಲಿಗೆ ಎದುರು ನಿಂತವನದು, ದನಗಳ್ಳರನ್ನು ತಡೆದವನದು. ಎಲ್ಲವೂ ಸತ್ತವರವು. ಬದುಕಿರುವವನಿಗೆ ಕಲ್ಲು ಹಾಕಿಸಿದ್ದನ್ನು ಮುತ್ತರಾಯಪ್ಪ ತನ್ನ ಎಪ್ಪತ್ತು ವರ್ಷದಲ್ಲಿ ಕಂಡಿರಲಿಲ್ಲ. ಮುರುಗೇಶನೋ, ಒಳಗೆ ಕೂತು ಮುದ್ದೆ ಮುರಿಯುತ್ತಿದ್ದ.

ಹೋದ ವರ್ಷ ಗಡಿಯಲ್ಲಿ ಹಿಮ ಕುಸಿದು ನಾಲ್ವರು ಜವಾನರು ಹೂತುಹೋದಾಗ ಅವನು ಬರಿಗೈಯಲ್ಲಿ ಅಗೆದು ನಾಲ್ವರನ್ನೂ ಜೀವಂತ ತೆಗೆದಿದ್ದ. ಸರ್ಕಾರ ಪದಕ ಕೊಟ್ಟಿತ್ತು. ಈಗ ತಿಂಗಳ ರಜೆಯ ಮೇಲೆ ಬಂದಿದ್ದವನು ಭಾನುವಾರ ಅದೇ ಗಡಿಗೆ ವಾಪಸು ಹೋಗಬೇಕಿತ್ತು.

ಊರು ಸೇರಿತು. ಹೆಂಗಸರು ಗೋಳಾಡಿದರು. ಹೆತ್ತವಳು ಕನಕಮ್ಮ ಮಾತ್ರ ಅಳಲಿಲ್ಲ. ಕಲ್ಲಿಳಿಸಿದ ಆಳುಗಳಿಗೂ ಮಜ್ಜಿಗೆ ಕೊಟ್ಟೇ ಕಳಿಸಿದ್ದಳು. ಪಾಪ, ದಿಗಿಲಿಗೆ ಹಾಗಾಗಿದ್ದಾಳೆ ಎಂದರು ಜನ. ಮುರುಗೇಶ ಕೈ ತೊಳೆದು, ಬಲಗೈ ಜೇಬಿನಲ್ಲಿಟ್ಟುಕೊಂಡು ಬಂದು ನೋಡಿದ. ಮೀಸೆ ಚೆನ್ನಾಗಿ ಬಂದಿದೆ ಎಂದು ಹೇಳಿ ಮತ್ತೆ ತಟ್ಟೆಯ ಮುಂದೆ ಕೂತ.

ಇದು ದಾಯಾದಿ ಲಕ್ಷ್ಮೀಪತಿಯ ಕೆಲಸವೆಂದು ಮುತ್ತರಾಯಪ್ಪನಿಗೆ ಖಾತ್ರಿಯಾಯಿತು. ಗಡಿಕಲ್ಲಿನ ಜಗಳದಲ್ಲಿ ಇಬ್ಬರಿಗೂ ಮಾತು ಬಿಟ್ಟು ಹನ್ನೆರಡು ವರ್ಷ. ಅಂದೇ ಹೋಗಿ ಅವನ ಬಾಗಿಲಲ್ಲಿ ನಿಂತ.

“ನಂಗೆ ಕೋಪ ಇರೋದು ನಿನ್ ಮ್ಯಾಲೆ ಕಣ್ಲಾ, ನಿನ್ ಮಗನ ಮ್ಯಾಲಲ್ಲ,” ಎಂದ ಲಕ್ಷ್ಮೀಪತಿ. “ಕಲ್ಲು ಹಾಕ್ಸೋದಾಗಿದ್ರೆ ನಿಂದೇ ಹಾಕ್ಸ್ತಿದ್ದೆ.”

ಮಾತು ನಂಬುವಂತಿತ್ತು.

ಗುರುವಾರ ಮುತ್ತರಾಯಪ್ಪ ಬಸ್ಸು ಹತ್ತಿ, ಕೃಷ್ಣಗಿರಿ ರಸ್ತೆಯಲ್ಲಿ ಆ ಸೀಮೆಗೆಲ್ಲ ಕಲ್ಲು ಕೆತ್ತಿಕೊಡುವ ಪಾಪಣ್ಣನ ಬಳಿಗೆ ಹೋದ. ಊರ ಹೆಸರು ಕೇಳಿದೊಡನೆ ಪಾಪಣ್ಣ ಉಳಿ ಕೆಳಗಿಟ್ಟ. ದೂರು ಬಂತೆಂದುಕೊಂಡ.

“ಬೆರಳು ನಾನು ಮುರಿದಿದ್ದಲ್ಲಪ್ಪ. ಬಲಗೈದು ಎರಡು ಬೆರಳು ಮೊಂಡಾಗೇ ಇರ್ಬೇಕು ಅಂತ ಹೇಳಿ ಹೊಡ್ಸಿದ್ರು. ಯಾರು ಅಂತ ಕೇಳ್ಬ್ಯಾಡ, ಮಾತು ಕೊಟ್ಟಿವ್ನಿ.”

ಮುತ್ತರಾಯಪ್ಪ ಅಲ್ಲಿಂದಲೇ ಬಸ್ಸಿನ ಕಡೆ ತಿರುಗಿದ. ಮುರುಗೇಶನ ಬಲಗೈಯಲ್ಲಿ ಹಿಮ ತಿಂದುಹಾಕಿದ್ದ ಆ ಎರಡು ಬೆರಳುಗಳ ಸಂಗತಿ ಊರಿಗೆ ಗೊತ್ತಿರಲಿಲ್ಲ. ಪದಕದ ಸುದ್ದಿ ಬಂದ ಪೇಪರಿನ ಫೋಟೋದಲ್ಲಿ ಕೈಗೆ ಬಿಳಿ ಗವಸಿತ್ತು. ಗೊತ್ತಿದ್ದದ್ದು ಮನೆಯೊಳಗೆ ಮಾತ್ರ.

ವಾಪಸು ಬರುವ ಬಸ್ಸಿನಲ್ಲಿ ಅವನಿಗೆ ಎಲ್ಲ ತಿಳಿದುಹೋಯಿತು. ಮಗನೇ ತನ್ನ ಕಲ್ಲು ತಾನೇ ಹಾಕಿಸಿಕೊಂಡಿದ್ದಾನೆ. ಈ ಸಲ ಹೋದವನು ಬರುವವನಲ್ಲ.

ಶುಕ್ರವಾರ, ಶನಿವಾರ ಅವನು ಮಗನ ಮುಖ ನೋಡಲಿಲ್ಲ. ಭಾನುವಾರ ಬೆಳಕು ಹರಿಯುವಾಗ ಹಾರೆ ಹೆಗಲಿಗಿಟ್ಟುಕೊಂಡು ಬದುವಿಗೆ ಹೋದ. ಕಲ್ಲೇ ಇಲ್ಲದಿದ್ದರೆ ಮಗ ಹೇಗಾದರೂ ಬಂದಾನು ಎಂಬ ಆಸೆ. ಕನಕಮ್ಮ ಆಗಲೇ ಅಲ್ಲಿದ್ದಳು. ಕಲ್ಲಿಗೆ ಅರಿಶಿನ ಹಚ್ಚುತ್ತಿದ್ದಳು.

“ಸರ್ಕೋ,” ಎಂದ ಮುತ್ತರಾಯಪ್ಪ. “ನಿನ್ ಮಗ ಸಾಯಕ್ಕೆ ಹೊಂಟವ್ನೆ ಕಣೇ. ತನ್ ಕಲ್ಲು ತಾನೇ ಹಾಕ್ಸವ್ನೆ.”

“ಅವನ್ಗೇನ್ ಗೊತ್ತು. ಹಾಕ್ಸಿದ್ದು ನಾನು.”

ಹಾರೆ ಹೆಗಲ ಮೇಲೇ ನಿಂತಿತು.

“ಯಮ ಹುಡಿಕ್ಕೊಂಡು ಬಂದ್ರೆ ಇದ್ನ ನೋಡ್ಲಿ. ಇವನ್ದು ಆಗೋಗೈತೆ ಅಂತ ಹೊಂಟೋಗ್ತಾನೆ. ಅನುಮಾನ ಬರಬಾರ್ದು ಅಂತ ಬೆರಳೂ ಸರಿಯಾಗಿ ಹೊಡ್ಸೀನಿ.” ಕನಕಮ್ಮ ಕೈ ಒರೆಸಿಕೊಂಡು ಗಂಡನಿಗೆ ಜಾಗ ಬಿಟ್ಟಳು. “ನೀನು ಬಂದು ಒಂಚೂರು ಅಳು. ನಂಗೆ ಸುಳ್ಳು ಅಳು ಬರಾಕಿಲ್ಲ.”

ಮುತ್ತರಾಯಪ್ಪ ಹಾರೆ ಇಳಿಸಿ, ಕಲ್ಲಿನ ಮುಂದೆ ಕೂತು, ಊರಿಗೆಲ್ಲ ಕೇಳುವಂತೆ ಅತ್ತ.

ಮುರುಗೇಶ ಹೊರಟದ್ದು ಅದೇ ಭಾನುವಾರ, ಒಂಬತ್ತರ ಬಸ್ಸಿಗೆ.